ಪರದೆಯ ಹಿಂದಿನ ಕೃಷ್ಣ

1993ರಲ್ಲಿ ದೂರದರ್ಶನದಲ್ಲಿ ಬಂದ ಪತ್ತೇದಾರಿ ಧಾರಾವಾಹಿ 'ಬ್ಯೋಮಕೇಶ್ ಬಕ್ಷಿ'ಯನ್ನು ಮೆಚ್ಚಿದ ಭಕ್ತರೊಬ್ಬರು, "ಇಂಥ ನಟರು ಪರದೆಯ ಹಿಂದೆ ಹೇಗಿರುತ್ತಾರೆ, ಶಾಸ್ತ್ರಿಗಳೆ?" ಎಂದು ಕೇಳಿದರು. ಆ ನಟರನ್ನು ನಾನು ಕಂಡವನಲ್ಲ. ಕಂಡದ್ದು ನಮ್ಮ ಶ್ರೀಕೃಷ್ಣ ಪಾರಿಜಾತದವರನ್ನು.

ಅಪರಾಳ ತಮ್ಮಣ್ಣನ ಕೃತಿಯನ್ನು ಬಯಲಿಗೆ ತಂದವನು ಕುಲಗೋಡ ತಮ್ಮಣ್ಣ. ಹಿಂದೆ ಗೋಕಾಕ ತಾಲೂಕಿನಲ್ಲಿದ್ದ ಕುಲಗೋಡ ಈಗ ಮೂಡಲಗಿಗೆ ಸೇರಿದೆ. ಕೌಜಲಗಿ ನಿಂಗಮ್ಮನವರಿಂದ ಈ ಆಟ ದೂರದೂರಕ್ಕೆ ಹೆಸರಾಯಿತು.

ಬಾಲ್ಯದಲ್ಲಿ ಹುಕ್ಕೇರಿ ಸೀಮೆಯ ನಮ್ಮ ಹಳ್ಳಿಗೆ ಒಂದು ಮೇಳ ಬಂದಿತ್ತು. ನಡುರಾತ್ರಿ ಪರದೆಯ ಹಿಂದೆ ಇಣುಕಿದೆನು. ಸತ್ಯಭಾಮೆಯ ವೇಷದ ಗಂಡಸು ಬೀಡಿ ಸೇದುತ್ತ ಕುಳಿತಿದ್ದ. ಹಣದ ಹಂಚಿಕೆಗಾಗಿ ಅವನಿಗೂ ಕೃಷ್ಣನಿಗೂ ಮಾತೇ ಇರಲಿಲ್ಲ. ಪೇಟಿ ನುಡಿದೊಡನೆ ಬೀಡಿ ನಂದಿಸಿ, ನೆಲ ಮುಟ್ಟಿ ಕಣ್ಣಿಗೊತ್ತಿಕೊಂಡು, ರಂಗಕ್ಕೆ ಹೋಗಿ ಕೃಷ್ಣನ ಮೇಲೆ ಮುನಿದನು. ಆ ಮುನಿಸು ಅರ್ಧ ನಿಜವೇ ಇದ್ದಿತೋ ಏನೋ!

ಬೆಳಗಾಯಿತು. ರಾತ್ರಿ ಕೃಷ್ಣನ ಕಾಲಿಗೆರಗಿದ್ದ ನಮ್ಮ ಮನೆಯವರೇ ಅವನಿಗೆ ಕಟ್ಟೆಯ ಕೆಳಗೆ, ಬೇರೆ ಬಟ್ಟಲಿನಲ್ಲಿ ಚಹ ಕೊಟ್ಟರು. ಅವನು ಕುಡಿದು, ತಾನೇ ತೊಳೆದು, ಬೋರಲು ಹಾಕಿದನು. ನಟರ ನಡತೆಯನ್ನು ವಿಚಾರಿಸುವಾಗ ಆ ಬೆಳಗಿನ ನಮ್ಮ ನಡತೆಯನ್ನೂ ವಿಚಾರಿಸಬೇಡವೆ? ವೇಷ ಹಾಕಿ ಬದುಕಿದ ಬಹುರೂಪಿ ಚೌಡಯ್ಯನನ್ನು ಹನ್ನೆರಡನೆಯ ಶತಮಾನದ ಶರಣರು ತಮ್ಮ ಸಾಲಿನಲ್ಲಿಯೇ ಕೂಡಿಸಿಕೊಂಡಿದ್ದರು. ನಿತ್ಯ ವಚನ ಓದುವ ಮನೆ ನಮ್ಮದು.

ಆ ಬಟ್ಟಲು ಬಹಳ ವರ್ಷ ಹೊರಗಿನ ಗೂಡಿನಲ್ಲಿತ್ತು. ಮಠದ ಓದು ಮುಗಿಸಿ ಬಂದ ವರ್ಷ ಅದನ್ನು ಒಳಗಿನ ಪಾತ್ರೆಗಳೊಡನೆ ಇಟ್ಟೆನು. ಅವ್ವ ನೋಡಿದಳು, ಏನೂ ಅನ್ನಲಿಲ್ಲ.