ಯಾರಿಗೂ ಸೇರದ ಹೊಗೆಕೊಳವೆ

ಮುಂಗಾರು ಸಮೀಪಿಸುತ್ತಿದ್ದಂತೆ ಹಳ್ಳಿಯ ಮನೆಗಳಲ್ಲಿ ಹಂಚು ಸರಿಪಡಿಸುವ, ಕಟ್ಟಿಗೆ ಒಟ್ಟುವ, ಬಣವೆಗೆ ಹೊದಿಕೆ ಹಾಕುವ ಕೆಲಸಗಳು ಚುರುಕುಗೊಳ್ಳುತ್ತವೆ. ಈ ಸಿದ್ಧತೆಗಳ ನಡುವೆ ಮರೆತುಹೋಗುವ ಕೆಲಸ ಒಂದೇ: ಒಲೆಯ ಹೊಗೆಕೊಳವೆಯನ್ನು ಶುಚಿಗೊಳಿಸುವುದು. ಹಾನಗಲ್ಲ, ಶಿಗ್ಗಾವಿ, ಸವಣೂರು, ಹಿರೇಕೆರೂರು ತಾಲ್ಲೂಕುಗಳ ಹಳ್ಳಿಗಳಲ್ಲಿ ಅಡುಗೆ ಅನಿಲ ಬಂದ ಮನೆಗಳಲ್ಲಿಯೂ ಬಚ್ಚಲಿನ ಹಂಡೆಯ ಒಲೆ, ರೊಟ್ಟಿಯ ಒಲೆ ಪೂರ್ತಿಯಾಗಿ ಆರಿಲ್ಲ. 2016ರ ಮೇ ತಿಂಗಳಿನಲ್ಲಿ ಆರಂಭವಾದ ಉಜ್ವಲ ಯೋಜನೆಯು ಬಡ ಕುಟುಂಬಗಳಿಗೆ ಅನಿಲ ಸಂಪರ್ಕ ನೀಡಿತು. ಆದರೆ ಸಿಲಿಂಡರನ್ನು ಮತ್ತೆ ಮತ್ತೆ ತುಂಬಿಸುವ ವೆಚ್ಚದ ಬಹುಭಾಗ ಮನೆಯ ಮೇಲೆಯೇ ಉಳಿಯಿತು. ಆದ್ದರಿಂದ ಹೊಗೆಯ ಪ್ರಶ್ನೆ ಇನ್ನೂ ಹಳತಾಗಿಲ್ಲ.

ಹೊಗೆರಹಿತ ಒಲೆಯ ಚರಿತ್ರೆಯಲ್ಲಿ ಕರ್ನಾಟಕಕ್ಕೆ ಗೌರವದ ಸ್ಥಾನವಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಪ್ರೊ. ಅಮೂಲ್ಯ ರೆಡ್ಡಿಯವರ ಮುಂದಾಳತ್ವದಲ್ಲಿ ಆರಂಭವಾದ 'ಅಸ್ತ್ರ' ಕೇಂದ್ರವು 1980ರ ದಶಕದಲ್ಲಿ ಮೂರು ಪಾತ್ರೆಗಳನ್ನಿಡಬಹುದಾದ, ಹೊಗೆಕೊಳವೆಯುಳ್ಳ ಮಣ್ಣಿನ ಒಲೆಯನ್ನು ರೂಪಿಸಿತು. ಸಾಂಪ್ರದಾಯಿಕ ಒಲೆಯಲ್ಲಿ ಕಟ್ಟಿಗೆಯ ಶಾಖದ ಹತ್ತರಲ್ಲೊಂದು ಪಾಲು ಪಾತ್ರೆಗೆ ಸೇರಿದರೆ, ಈ ಒಲೆಯ ದಕ್ಷತೆ ಪ್ರಯೋಗಾಲಯದಲ್ಲಿ ಶೇ. 40ನ್ನು ದಾಟಿತು. ಅದೇ ದಶಕದಲ್ಲಿ ಕೇಂದ್ರ ಸರ್ಕಾರವು ಸುಧಾರಿತ ಒಲೆಗಳ ರಾಷ್ಟ್ರೀಯ ಕಾರ್ಯಕ್ರಮವನ್ನು ಕೈಗೆತ್ತಿಕೊಂಡಿತು. 2002ರಲ್ಲಿ ಅದು ನಿಲ್ಲುವ ವೇಳೆಗೆ ದೇಶದಲ್ಲಿ ಮೂರು ಕೋಟಿಗೂ ಅಧಿಕ ಒಲೆಗಳನ್ನು ಕಟ್ಟಲಾಗಿತ್ತು. ಕಟ್ಟಿದ ಒಲೆಗಳ ಲೆಕ್ಕ ಸರ್ಕಾರದ ಬಳಿ ಇತ್ತು. ಶುಚಿಗೊಂಡ ಕೊಳವೆಗಳ ಲೆಕ್ಕ ಯಾರ ಬಳಿಯೂ ಇರಲಿಲ್ಲ.

ಈ ಉಪೇಕ್ಷೆಯ ಫಲವೇನೆಂಬುದನ್ನು ಒಡಿಶಾದ ಅನುಭವ ತಿಳಿಸುತ್ತದೆ. ಅಲ್ಲಿನ 44 ಹಳ್ಳಿಗಳ ಸುಮಾರು 2,600 ಕುಟುಂಬಗಳನ್ನು ರೆಮಾ ಹನ್ನಾ, ಎಸ್ತರ್ ಡುಫ್ಲೊ, ಮೈಕೆಲ್ ಗ್ರೀನ್‌ಸ್ಟೋನ್ ಎಂಬ ಅರ್ಥಶಾಸ್ತ್ರಜ್ಞರು ಹಲವು ವರ್ಷ ಅಭ್ಯಸಿಸಿದರು. ಕೊಳವೆಯುಳ್ಳ ಒಲೆ ಪಡೆದ ಮನೆಗಳಲ್ಲಿ ಮೊದಲ ವರ್ಷ ಹೊಗೆಸೇವನೆ ತಗ್ಗಿತು. ಬಳಿಕ ಆ ಲಾಭ ಕರಗಿಹೋಯಿತು. ಒಲೆಯ ಬಳಕೆ ಕುಗ್ಗಿದುದು ಮತ್ತು ನಿರ್ವಹಣೆಗೆ ಗಮನ ದೊರೆಯದುದು ಇದಕ್ಕೆ ಕಾರಣ. ತಂತ್ರಜ್ಞಾನವು ಮನೆಗೆ ಬಂದ ಮೇಲೆ ಅದನ್ನು ಸಾಕುವ ಕೆಲಸವೂ ಇರುತ್ತದೆಂಬ ಪಾಠ ಇದರಲ್ಲಿದೆ.

ಇದರ ಲೆಕ್ಕ ಶಾಲಾ ಮಕ್ಕಳಿಗೂ ಎಟಕುವಂಥದು. ನಾಲ್ಕು ಅಂಗುಲ ವ್ಯಾಸದ ಕೊಳವೆಯೊಳಗೆ ಸುತ್ತಲೂ ಅರ್ಧ ಅಂಗುಲ ಮಸಿ ಕಟ್ಟಿದರೆ ಉಳಿಯುವ ವ್ಯಾಸ ಮೂರು ಅಂಗುಲ. ಹೊಗೆಯ ದಾರಿಯಲ್ಲಿ ಶೇ. 44ರಷ್ಟು ಮುಚ್ಚಿಹೋಗುತ್ತದೆ. ಒಂದು ಅಂಗುಲ ಕಟ್ಟಿದರೆ ಉಳಿಯುವುದು ಕಾಲುಭಾಗ ಮಾತ್ರ. ದಾರಿ ಕಾಣದ ಹೊಗೆ ಒಲೆಯ ಬಾಯಿಂದ ಅಡುಗೆಮನೆಗೆ ಮರಳುತ್ತದೆ. ಉರಿ ಮಂದವಾಗಿ ಕಟ್ಟಿಗೆ ಹೆಚ್ಚು ಬೇಕಾಗುತ್ತದೆ. ಮಳೆಗಾಲದ ಹಸಿ ಕಟ್ಟಿಗೆಯಿಂದ ಕೊಳವೆಯೊಳಗೆ ಅಂಟಾದ ಕಪ್ಪು ಡಾಂಬರು ಕಟ್ಟುತ್ತದೆ; ಅದಕ್ಕೆ ಕಿಡಿ ತಗುಲಿದರೆ ಮನೆಯ ಮಾಡಿಗೂ ಅಪಾಯ. ಹತ್ತಿಕಟ್ಟಿಗೆ, ಮೆಕ್ಕೆಜೋಳದ ದಂಟು ಉರಿಸುವಲ್ಲಿ ಹಗುರ ಬೂದಿ ಹಾರಿ ಕೊಳವೆಯ ಬುಡದಲ್ಲಿ ನಿಲ್ಲುತ್ತದೆ.

ಶುಚಿಗೊಳಿಸುವ ವಿಧಾನ ಸರಳವಾದುದು. ಹಿಂದಿನ ರಾತ್ರಿಯೇ ಒಲೆ ಆರಿಸಿ, ಪೂರ್ತಿ ತಣ್ಣಗಾದ ಮೇಲೆ ಕೆಲಸ ತೊಡಗಬೇಕು. ಮೂಗು ಬಾಯಿಗೆ ಬಟ್ಟೆ ಕಟ್ಟಿಕೊಂಡು, ಪಾತ್ರೆಯಿಡುವ ಕಣ್ಣುಗಳನ್ನೂ ಒಲೆಯ ಬಾಯನ್ನೂ ಒದ್ದೆ ಗೋಣಿಚೀಲದಿಂದ ಮುಚ್ಚಬೇಕು. ಉದ್ದನೆಯ ಬಿದಿರಿನ ತುದಿಗೆ ಗೋಣಿಯ ಉಂಡೆಯನ್ನು ಬಿಗಿಯಾಗಿ ಕಟ್ಟಿ, ಕೊಳವೆಯೊಳಗೆ ಮೇಲೆ ಕೆಳಗೆ ಆಡಿಸಬೇಕು. ಬಳಿಕ ಕೊಳವೆಯ ಬುಡದಲ್ಲಿಯೂ ಹಿಂದಿನ ಕಣ್ಣುಗಳ ಕೆಳಗಿನ ದಾರಿಯಲ್ಲಿಯೂ ನಿಂತ ಬೂದಿ, ಮಸಿಯನ್ನು ತೆಗೆಯಬೇಕು. ಕಣ್ಣುಗಳ ಮೇಲೆ ಪಾತ್ರೆಗಳನ್ನಿಟ್ಟು, ಒಲೆಯ ಬಾಯಿಯ ಬಳಿ ಉರಿಯುವ ಊದುಬತ್ತಿಯನ್ನು ಹಿಡಿದಾಗ ಹೊಗೆ ಒಳಕ್ಕೆ ಎಳೆದುಕೊಂಡರೆ ದಾರಿ ತೆರೆದಿದೆಯೆಂದು ಅರ್ಥ. ತಿಂಗಳಿಗೊಮ್ಮೆ, ಮಳೆಗಾಲದಲ್ಲಿ ಹದಿನೈದು ದಿನಕ್ಕೊಮ್ಮೆ ನೋಡಿಕೊಳ್ಳುವುದು ಲೇಸು. ನೆನೆದ ಹಂಚಿನ ಮೇಲೆ ಯಾರೂ ಹತ್ತಬಾರದು. ಮಳೆಗೆ ಮುನ್ನವೇ ದೊಡ್ಡ ಶುಚಿ ಮುಗಿದರೆ ಮಳೆಗಾಲದಲ್ಲಿ ಕೆಳಗಿನಿಂದಲೇ ಬುಡ ತೆಗೆದರೆ ಸಾಕಾಗಬಹುದು.

ಒಂದು ಎಚ್ಚರಿಕೆ ಅಗತ್ಯ. ಹಳೆಯ ಹೊಗೆಕೊಳವೆಗಳಲ್ಲಿ ಕಲ್ನಾರು ಸಿಮೆಂಟಿನವೂ ಉಂಟು. ಕಲ್ನಾರಿನ ಸೂಕ್ಷ್ಮ ಎಳೆಗಳು ಶ್ವಾಸಕೋಶದ ಕ್ಯಾನ್ಸರಿಗೆ ಕಾರಣವೆಂಬುದು ಸಿದ್ಧವಾದ ಸಂಗತಿ. ಅಂಥ ಕೊಳವೆಯನ್ನು ತಂತಿಯ ಬ್ರಷ್‌ನಿಂದ ಉಜ್ಜಬಾರದು, ಕೆರೆಯಬಾರದು, ಒಡೆಯಬಾರದು. ಒದ್ದೆ ಬಟ್ಟೆಯ ಉಂಡೆಯನ್ನೇ ಮೃದುವಾಗಿ ಆಡಿಸಬೇಕು. ಬಿರುಕು ಬಿಟ್ಟಿದ್ದರೆ ಅದನ್ನು ಮುಟ್ಟದೆ, ಬದಲಿಸುವ ಏರ್ಪಾಡು ಮಾಡಬೇಕು.

ಇಷ್ಟು ಸುಲಭದ ಕೆಲಸ ಉಳಿದುಬಿಡುವುದೇಕೆ? ರೂಢಿಯಲ್ಲಿ ಒಲೆ ಹೆಂಗಸರ ಪಾಲಿನದು, ಮಾಡು ಗಂಡಸರ ಪಾಲಿನದು. ಹೊಗೆಕೊಳವೆ ಒಲೆಯಲ್ಲಿ ಹುಟ್ಟಿ ಮಾಡಿನ ಮೇಲೆ ಮುಗಿಯುತ್ತದೆ; ಹಾಗಾಗಿ ಅದು ಯಾರ ಪಾಲಿಗೂ ಬಂದಿಲ್ಲ. ಹೊಗೆ ಕುಡಿಯುವವರು ಏಣಿ ಹತ್ತುವುದಿಲ್ಲ; ಏಣಿ ಹತ್ತುವವರು ಹೊಗೆ ಕುಡಿಯುವುದಿಲ್ಲ. ಕೆಮ್ಮು, ಕಣ್ಣುರಿ ಮಾತ್ರ ತಾಯಂದಿರಿಗೂ ಅವರ ಮಗ್ಗುಲಲ್ಲಿ ಕುಳಿತ ಮಕ್ಕಳಿಗೂ ಉಳಿಯುತ್ತವೆ.

ಅಮಾವಾಸ್ಯೆಯಂದು ಎತ್ತುಗಳ ಹೆಗಲಿಗೆ ಬಿಡುವು ಕೊಡುವ ಪದ್ಧತಿ ಈ ನಾಡಿನಲ್ಲಿದೆ. ಆ ದಿನದ ಅರ್ಧ ತಾಸನ್ನು ಮನೆಯ ಗಂಡಸರು ಹೊಗೆಕೊಳವೆಗೆ ಮೀಸಲಿಡಬಹುದು. ಎತ್ತಿನ ದಣಿವನ್ನು ಅರಿತು ನಡೆದುಕೊಳ್ಳುವ ಮನೆಯು ಅಡುಗೆ ಮಾಡುವವರ ಉಸಿರಿನ ದಣಿವನ್ನೂ ಅರಿಯಬೇಕಾದುದು ನ್ಯಾಯ. ಕಾಡಿನ ರಕ್ಷಣೆಯ ಮಾತು ಒಂದು ಹೊರೆ ಕಟ್ಟಿಗೆಯ ಉಳಿತಾಯದಿಂದಲೂ ಆರಂಭವಾಗಬಹುದು. ಆ ಉಳಿತಾಯಕ್ಕೆ ಬೇಕಾದುದು ಒಂದು ಬಿದಿರು, ಒಂದು ಗೋಣಿಚೀಲ ಮತ್ತು ಹೊಣೆ ಹೊರುವ ಒಬ್ಬ ಮನುಷ್ಯ.