ಬ್ಯಾಟರಿ ಬಗ್ಗಿಗೂ ಬೇಕು ಲಗಾಮು

ಲಾಲ್‌ಬಾಗಿನ ಗೇಟಿನ ಹೊರಗೆ ನಡೆಯುವವರಿಗೆ ಎಷ್ಟು ಮರ್ಯಾದೆಯಿದೆ ಎಂಬುದು ಬೆಂಗಳೂರಿಗರಿಗೆಲ್ಲ ಗೊತ್ತು. ಫುಟ್‌ಪಾತ್ ಮೇಲೆ ಬೈಕು, ಬೈಕಿಲ್ಲದ ಕಡೆ ಟ್ರಾನ್ಸ್‌ಫಾರ್ಮರ್, ಅದೂ ಇಲ್ಲದ ಕಡೆ ಬಾಯ್ತೆರೆದ ಚರಂಡಿ. ಹಾಗಾಗಿ ಗೇಟಿನೊಳಗೆ ಕಾಲಿಟ್ಟ ಕೂಡಲೇ ಜನ ಹಿಂದೆ ಮುಂದೆ ನೋಡುವುದನ್ನೇ ಬಿಡುತ್ತಾರೆ. ಮಕ್ಕಳ ಕೈ ಬಿಡುತ್ತಾರೆ. ದಾರಿಯ ನಟ್ಟನಡುವೆ ನಿಂತು ಮರದ ತುದಿ ದಿಟ್ಟಿಸುತ್ತಾರೆ. ಈ ನಿಶ್ಚಿಂತೆಯೇ ಇಂಥ ಜಾಗಗಳ ನಿಜವಾದ ಆಸ್ತಿ.

ಈಗ ಆ ದಾರಿಗಳಲ್ಲೂ ಬ್ಯಾಟರಿ ಗಾಡಿ ಬಂದಿದೆ. ಗಾಲ್ಫ್ ಆಡುವವರನ್ನೂ ಅವರ ಕೋಲುಗಳ ಚೀಲವನ್ನೂ ಹುಲ್ಲಿನ ಮೇಲೆ ಸಾಗಿಸಲು ಹುಟ್ಟಿದ ಈ ವಾಹನ, ನಮ್ಮಲ್ಲಿ ‘ಬಗ್ಗಿ’ ಎನಿಸಿಕೊಂಡು ಉದ್ಯಾನ, ಮೃಗಾಲಯ, ರೈಲು ನಿಲ್ದಾಣ, ವಿಲ್ಲಾ ಬಡಾವಣೆಗಳಲ್ಲೆಲ್ಲ ಓಡಾಡುತ್ತಿದೆ. ಬಂದದ್ದು ತಪ್ಪಲ್ಲ. 240 ಎಕರೆಯ ಲಾಲ್‌ಬಾಗನ್ನು ಮಂಡಿನೋವಿನ ಅಜ್ಜಿ ನಡೆದು ನೋಡಲಾರರು. ಮೈಸೂರಿನ ಮೃಗಾಲಯದಲ್ಲಿ ಆನೆ, ಜಿರಾಫೆ ಎಲ್ಲ ನೋಡಿ ಮುಗಿಸುವ ಹೊತ್ತಿಗೆ ಗಟ್ಟಿ ಕಾಲಿನವರೂ ಸುಸ್ತಾಗಿರುತ್ತಾರೆ. ಹಂಪಿಯಲ್ಲಿ ಗೆಜ್ಜಲ ಮಂಟಪದ ಬಳಿ ಕಾರು, ಬಸ್ಸು ನಿಲ್ಲಿಸಿ ಅಲ್ಲಿಂದ ವಿಜಯ ವಿಠ್ಠಲ ದೇವಸ್ಥಾನದವರೆಗೆ ಬ್ಯಾಟರಿ ಗಾಡಿ ಬಿಟ್ಟದ್ದರಿಂದ ಕಲ್ಲಿನ ರಥದ ಹತ್ತಿರ ಹೊಗೆಯಿಲ್ಲ, ಇಂಜಿನ್ನಿನ ಅಬ್ಬರವಿಲ್ಲ. ಆ ಗಾಡಿಗಳ ಸ್ಟಿಯರಿಂಗ್ ಹಿಡಿದು ಸುತ್ತಲ ಊರುಗಳ ಹೆಣ್ಣುಮಕ್ಕಳು ಸಂಬಳ ಎಣಿಸಿದ್ದಾರೆ. ಇದನ್ನೆಲ್ಲ ಬೇಡ ಎನ್ನುವವರು ನಡೆಯಲಾಗದವರ ಕಷ್ಟ ಅರಿಯದವರು.

ನನ್ನ ತಕರಾರು ಇಷ್ಟೇ: ನಡೆಯಲಾಗದವರಿಗಾಗಿ ಬಂದ ಗಾಡಿ, ನಡೆಯುವವರನ್ನು ದಾರಿಯಿಂದ ಓಡಿಸುವಂತಾಗಬಾರದು.

ಇದು ಸದ್ದು ಮಾಡದ ವಾಹನ. ರಸ್ತೆಯಲ್ಲಿ ನಮ್ಮನ್ನು ಕಾಯುವುದು ಕಣ್ಣಷ್ಟೇ ಅಲ್ಲ, ಕಿವಿಯೂ ಹೌದು. ಬ್ಯಾಟರಿ ಗಾಡಿ ಬೆನ್ನ ಹಿಂದೆ ಬಂದು ನಿಂತರೂ ಕಿವಿಗೆ ಗೊತ್ತಾಗುವುದಿಲ್ಲ. ಗೊತ್ತಾಗುವುದು ಚಾಲಕ ಹಾರ್ನ್ ಒತ್ತಿದಾಗ, ಮತ್ತು ಗಾಬರಿಯಲ್ಲಿ ನಾವು ಯಾವ ಕಡೆ ಹಾರುತ್ತೇವೆ ಎಂಬುದು ನಮಗೇ ತಿಳಿದಿರುವುದಿಲ್ಲ. ವೇಗದ ಲೆಕ್ಕವನ್ನೂ ನೋಡಿ. ಗಂಟೆಗೆ 20 ಕಿಲೋಮೀಟರಿನಲ್ಲಿ ಹೋಗುವ ಗಾಡಿ ಒಂದು ಸೆಕೆಂಡಿಗೆ ಐದೂವರೆ ಮೀಟರ್ ಕ್ರಮಿಸುತ್ತದೆ. ಚೆಂಡಿನ ಹಿಂದೆ ಓಡಿಬಂದ ಮಗು ಕಣ್ಣಿಗೆ ಬಿದ್ದು ಚಾಲಕನ ಕಾಲು ಬ್ರೇಕಿಗೆ ಹೋಗಲು ಆ ಒಂದು ಸೆಕೆಂಡಾದರೂ ಬೇಕು. ವೇಗ 10ಕ್ಕೆ ಇಳಿದರೆ ಆ ದೂರ ಮೂರು ಮೀಟರಿಗಿಂತ ಕಡಿಮೆಯಾಗುತ್ತದೆ, ಹೊಡೆತದ ಶಕ್ತಿ ಕಾಲುಭಾಗಕ್ಕೆ ಇಳಿಯುತ್ತದೆ. ಎಂಟು ಜನ ತುಂಬಿದ ಗಾಡಿ ಒಂದು ಟನ್ ದಾಟುತ್ತದೆ ಎಂಬುದು ನೆನಪಿರಲಿ. ನೋಡಲು ಆಟಿಕೆಯಂತಿದ್ದರೂ ತಾಗಿದರೆ ಆಟಿಕೆಯಲ್ಲ.

ಒಳಗೆ ಕುಳಿತವರೂ ಪೂರಾ ಕ್ಷೇಮವಲ್ಲ. ಬಾಗಿಲಿಲ್ಲ, ಬಹುಪಾಲು ಗಾಡಿಗಳಲ್ಲಿ ಸೀಟ್‌ಬೆಲ್ಟ್ ಇಲ್ಲ, ಹಲವು ಮಾದರಿಗಳಲ್ಲಿ ಹಿಂದಿನ ಚಕ್ರಗಳಿಗೆ ಮಾತ್ರ ಬ್ರೇಕು. ಇಳಿಜಾರಿನ ತಿರುವಿನಲ್ಲಿ ಸ್ಟಿಯರಿಂಗ್ ಜೋರಾಗಿ ತಿರುಗಿಸಿದರೆ ಅಂಚಿನಲ್ಲಿ ಕುಳಿತ ಮಗು ಹೊರಗೆ ಬೀಳುತ್ತದೆ.

ಕಾನೂನು ಏನು ಹೇಳುತ್ತದೆ? 1988ರ ಮೋಟಾರು ವಾಹನ ಕಾಯ್ದೆಯ 2(28)ನೇ ಕಲಮು, ಕಾರ್ಖಾನೆ ಅಥವಾ ಬೇರೆ ಯಾವುದೇ ಆವೃತ ಆವರಣದೊಳಗೆ ಮಾತ್ರ ಬಳಸಲು ರೂಪಿಸಿದ ವಿಶೇಷ ಬಗೆಯ ವಾಹನವನ್ನು ‘ಮೋಟಾರು ವಾಹನ’ದ ಲೆಕ್ಕದಿಂದಲೇ ಹೊರಗಿಡುತ್ತದೆ. ಲೆಕ್ಕಕ್ಕೇ ಇಲ್ಲದ ಮೇಲೆ ನಂಬರ್ ಪ್ಲೇಟು, ಲೈಸೆನ್ಸು, ವಿಮೆ ಯಾವುದನ್ನೂ ಯಾರೂ ಕೇಳುವುದಿಲ್ಲ. ಆದರೆ ಅದೇ ಕಾಯ್ದೆಯ 2(34)ನೇ ಕಲಮು, ಸಾರ್ವಜನಿಕರಿಗೆ ಪ್ರವೇಶದ ಹಕ್ಕಿರುವ ಜಾಗ ರಸ್ತೆಯಾಗಿರಲಿ ಬಿಡಲಿ, ಅದನ್ನು ‘ಸಾರ್ವಜನಿಕ ಸ್ಥಳ’ ಎನ್ನುತ್ತದೆ. ಹಾಗಾದರೆ ಟಿಕೆಟ್ ಕೊಂಡು ಸಾವಿರಾರು ಜನ ಒಳಬರುವ ಉದ್ಯಾನ ಯಾವುದರ ಪಾಲಿಗೆ ಸೇರಿತು? ವಕೀಲರು ವಾದಿಸಲಿ. ಅಲ್ಲಿಯವರೆಗೆ ಹೊಣೆ ಗೇಟಿನ ಕೀಲಿ ಯಾರ ಕೈಯಲ್ಲಿದೆಯೋ ಅವರದು: ತೋಟಗಾರಿಕೆ ಇಲಾಖೆ, ಮೃಗಾಲಯ ಪ್ರಾಧಿಕಾರ, ಬಡಾವಣೆಯ ನಿವಾಸಿಗಳ ಸಂಘ.

ಗಾಡಿಯೂ ಕಾಲ್ನಡಿಗೆಯೂ ಒಂದೇ ದಾರಿಯಲ್ಲಿ ಬಾಳಲು ಸಾಧ್ಯವೇ ಎಂದರೆ, ಅಮೆರಿಕದ ಜಾರ್ಜಿಯಾ ರಾಜ್ಯದಲ್ಲಿ ಅಟ್ಲಾಂಟಾದ ದಕ್ಷಿಣಕ್ಕಿರುವ ಪೀಚ್‌ಟ್ರೀ ಸಿಟಿಯನ್ನು ನೋಡಬೇಕು. 1959ರಲ್ಲಿ ಸ್ಥಾಪನೆಯಾದ ಈ ಪುಟ್ಟ ನಗರದಲ್ಲಿ ನಡಿಗೆ, ಸೈಕಲ್, ಗಾಲ್ಫ್ ಕಾರ್ಟುಗಳಿಗೆಂದೇ ಸುಮಾರು 160 ಕಿಲೋಮೀಟರ್ ದಾರಿಗಳಿವೆ. ಹೆದ್ದಾರಿ ಅಡ್ಡ ಬಂದಲ್ಲಿ ಸುರಂಗ ಅಥವಾ ಸೇತುವೆ ಕಟ್ಟಿದ್ದಾರೆ. ದಿನಸಿ ತರಲು, ಚರ್ಚಿಗೆ ಹೋಗಲು, ಮಕ್ಕಳನ್ನು ಶಾಲೆಗೆ ಬಿಡಲು ಜನ ಕಾರ್ಟು ಹತ್ತುತ್ತಾರೆ. ಅಲ್ಲಿನ ಹೈಸ್ಕೂಲಿನಲ್ಲಿ ವಿದ್ಯಾರ್ಥಿಗಳ ಕಾರ್ಟುಗಳಿಗೇ ಪಾರ್ಕಿಂಗ್ ಜಾಗವಿದೆ. ಇಷ್ಟಾದರೂ ಇದು ಅಂಕುಶವಿಲ್ಲದ ಓಡಾಟವಲ್ಲ. ಪ್ರತಿ ಕಾರ್ಟೂ ನಗರಸಭೆಯಲ್ಲಿ ನೋಂದಣಿಯಾಗಬೇಕು, ಸಂಖ್ಯೆ ಅಂಟಿಸಿಕೊಳ್ಳಬೇಕು. ಚಿಕ್ಕ ಮಕ್ಕಳಿಗೆ ಸ್ಟಿಯರಿಂಗ್ ಇಲ್ಲ, ಹರೆಯದವರಿಗೆ ವಯಸ್ಸಿಗೆ ತಕ್ಕ ಕಟ್ಟುಪಾಡುಗಳಿವೆ. ಎಲ್ಲಕ್ಕೂ ಮಿಗಿಲಾಗಿ, ನಡೆಯುವವರಿಗೆ ದಾರಿ ಬಿಡುವುದು ಅಲ್ಲಿ ಕಾರ್ಟಿನ ಕರ್ತವ್ಯ.

ಫ್ಲಾರಿಡಾ ರಾಜ್ಯ ಇದೇ ಪಾಠವನ್ನು ತಡವಾಗಿ ಕಲಿಯಿತು. ಹದಿನಾಲ್ಕು ತುಂಬಿದವರೆಲ್ಲ ಗಾಲ್ಫ್ ಕಾರ್ಟ್ ಓಡಿಸಬಹುದಿದ್ದ ಅಲ್ಲಿ, 2023ರ ಅಕ್ಟೋಬರಿನಿಂದ ಹದಿನೆಂಟರ ಒಳಗಿನವರಿಗೆ ಲರ್ನರ್ ಪರವಾನಗಿ ಅಥವಾ ಲೈಸೆನ್ಸ್ ಕಡ್ಡಾಯವಾಗಿದೆ. ನಮ್ಮ ವಿಲ್ಲಾ ಬಡಾವಣೆಗಳಲ್ಲಿ ಭಾನುವಾರ ಸಂಜೆ ಎಂಟು ವರ್ಷದ ಮಗನನ್ನು ತೊಡೆಯ ಮೇಲೆ ಕೂರಿಸಿಕೊಂಡು ಸ್ಟಿಯರಿಂಗ್ ಕೊಡುವ ಅಪ್ಪಂದಿರು ಇದನ್ನು ಗಮನಿಸಬೇಕು.

ಪೀಚ್‌ಟ್ರೀ ಸಿಟಿಯ ದಾರಿಗಳನ್ನು ನಾವು ತರಲಾರೆವು, ನಿಯಮಗಳನ್ನು ತರಬಹುದು. ಮೊದಲನೆಯದು ವೇಗ. ‘ನಿಧಾನವಾಗಿ ಚಲಿಸಿ’ ಎಂಬ ಬೋರ್ಡಿನಿಂದ ಏನೂ ಆಗುವುದಿಲ್ಲ. ಬ್ಯಾಟರಿ ಗಾಡಿಯ ಕಂಟ್ರೋಲರಿನಲ್ಲೇ ವೇಗಕ್ಕೆ ಮಿತಿ ಹಾಕಬಹುದು. ಜನರೂ ಗಾಡಿಯೂ ಬೆರೆಯುವ ಕಡೆ ಅದು 10 ಕಿಲೋಮೀಟರ್ ದಾಟಬಾರದು. ಎರಡನೆಯದು ಹೊತ್ತು. ಬೆಳಗಿನ ವಾಕಿಂಗ್ ಮುಗಿಯುವವರೆಗೆ ಉದ್ಯಾನಗಳಲ್ಲಿ ಬಗ್ಗಿ ಹೊರಡಬಾರದು. ಮೂರನೆಯದು ಮಾರ್ಗ. ಕಂಡಕಂಡ ಕಡೆ ನುಗ್ಗದೆ, ಅಗಲವಾದ ಗೊತ್ತುಪಡಿಸಿದ ದಾರಿಯಲ್ಲಿ ಓಡಿ, ಗೊತ್ತುಪಡಿಸಿದ ತಂಗುದಾಣದಲ್ಲಿ ನಿಲ್ಲಬೇಕು. ಮರೆಯಿರುವ ತಿರುವುಗಳಲ್ಲಿ ಗಿಡ ಸವರಿ ನೋಟ ತೆರವು ಮಾಡಬೇಕು. ನಾಲ್ಕನೆಯದು ಗುರುತು. ಹಿಂದೆ ಮುಂದೆ ದೊಡ್ಡ ಸಂಖ್ಯೆ, ಪಕ್ಕದಲ್ಲೇ ದೂರಿನ ಫೋನ್ ನಂಬರ್. ಕಾನೂನು ಕೇಳಲಿ ಬಿಡಲಿ, ವಿಮೆ ಇರಲೇಬೇಕು.

ಇನ್ನು ಹಾರ್ನ್. ಹಾರ್ನ್ ಒತ್ತುವವನು ‘ಪಕ್ಕಕ್ಕೆ ಸರಿ’ ಎಂದು ಹುಕುಂ ಮಾಡುತ್ತಾನೆ. ಉದ್ಯಾನದಲ್ಲಿ ಆ ಹುಕುಂ ನಡೆಯಕೂಡದು. ಮೆಲುವಾದ ಗಂಟೆ ಸಾಕು, ಜನ ಸರಿಯದಿದ್ದರೆ ಗಾಡಿ ನಿಲ್ಲಬೇಕು. ಟ್ರಿಪ್ಪಿನ ಲೆಕ್ಕಕ್ಕೆ ಕೂಲಿ ಕೊಟ್ಟರೆ ಯಾವ ಚಾಲಕನೂ ನಿಲ್ಲುವುದಿಲ್ಲ. ಆದ್ದರಿಂದ ಗುತ್ತಿಗೆ ಕೊಡುವಾಗಲೇ ದಿನದ ಸಂಬಳ ನಿಗದಿಯಾಗಲಿ.

ನಡೆಯುವವರಿಗೂ ಒಂದು ಮಾತು. ದಾರಿಯ ಅಗಲಕ್ಕೂ ನಾಲ್ವರು ಸಾಲಾಗಿ ಹರಟುತ್ತಾ ಹೋಗುವುದು, ಎರಡೂ ಕಿವಿಗೆ ಇಯರ್‌ಫೋನ್ ತುರುಕಿಕೊಳ್ಳುವುದು ಹಕ್ಕಿನ ಚಲಾವಣೆಯಲ್ಲ. ಗಾಡಿಯಲ್ಲಿ ಕುಳಿತವರು ಬಹುಮಟ್ಟಿಗೆ ನಮ್ಮ ನಿಮ್ಮ ಹಿರಿಯರೇ.

ಆದರೂ ಎರಡೂ ಕಡೆಯ ಹೊಣೆ ಸಮವಲ್ಲ. ಒಂದು ಟನ್ ಭಾರ ನಡೆಸುವವರ ಹೊಣೆಯೇ ದೊಡ್ಡದು, ಅದನ್ನು ಬಾಡಿಗೆಗೆ ಬಿಟ್ಟು ಹಣ ಎಣಿಸುವವರದು ಇನ್ನೂ ದೊಡ್ಡದು. ಹೊಸ ಬಗ್ಗಿಗಳಿಗೆ ಟೆಂಡರ್ ಕರೆಯುವ ಮುನ್ನ ಇಲಾಖೆಗಳು ಮತ್ತು ನಿವಾಸಿ ಸಂಘಗಳು ಈ ನಿಯಮಗಳನ್ನು ಬರೆದು ಗೇಟಿನ ಬಳಿ ತೂಗುಹಾಕಲಿ. ಮೊದಲ ಸಾಲು ಹೀಗಿರಲಿ: ಇಲ್ಲಿ ಮೊದಲ ಹಕ್ಕು ಕಾಲ್ನಡಿಗೆಯದು.