ಗಾಳಿಗೂ ಒಬ್ಬ ನೀರುಗಂಟಿ ಬೇಕು

ನಮ್ಮೂರು ಚಿಕ್ಕರಸಿನಕೆರೆ. ಹೆಸರಿನಲ್ಲೇ ಕೆರೆಯಿದೆ. ಕೆರೆ, ನಾಲೆಗಳ ಸೀಮೆಯಲ್ಲಿ ಬೆಳೆದವರಿಗೆ ಒಂದು ಮಾತನ್ನು ಯಾರೂ ಪಾಠ ಮಾಡಿ ಹೇಳಬೇಕಾಗಿಲ್ಲ. ನೀರು ಎಷ್ಟಿದೆ ಎಂಬುದಕ್ಕಿಂತ ಅದನ್ನು ಹಂಚುವವರು ಯಾರು ಎಂಬುದೇ ದೊಡ್ಡದು. ಕನ್ನಂಬಾಡಿ ತುಂಬಿದರೂ ವಿಶ್ವೇಶ್ವರಯ್ಯ ನಾಲೆಯ ಕೊನೆಭಾಗಕ್ಕೆ ನೀರು ಬಂದಿಲ್ಲವೆಂದು ಮದ್ದೂರು, ಮಳವಳ್ಳಿಯ ರೈತರು ರಸ್ತೆಗಿಳಿದದ್ದನ್ನು ನಾವೆಲ್ಲ ಕಂಡವರೇ. ಮೇಲಿನವನು ತನ್ನ ತೂಬನ್ನು ಅಗಲ ಮಾಡಿಕೊಂಡರೆ ಕೆಳಗಿನವನ ಪೈರು ಒಣಗುತ್ತದೆ. ನಮ್ಮ ಹಿರಿಯರು ನೀರುಗಂಟಿಯನ್ನು ಇಟ್ಟದ್ದು ಅದಕ್ಕೇ.

ಈ ಮಾತು ಈಗೇಕೆ ಎಂದರೆ, ನಾನು ಪಾಠ ಹೇಳುವ ಸಂಸ್ಥೆಯಲ್ಲಿ ಇದೇ ಕಥೆ ಗಾಳಿಯಲ್ಲಿ ನಡೆಯಿತು. ಒಂದೇ ಕಾಂಪೌಂಡಿನೊಳಗೆ ಹೈಸ್ಕೂಲು, ಪಿಯು ಕಾಲೇಜು, ಹೆಣ್ಣುಮಕ್ಕಳ ಹಾಸ್ಟೆಲು. ಎಲ್ಲಕ್ಕೂ ವೈಫೈ ಬಂತು. ಆಫೀಸಿನವರು ಒಂದು ರೂಟರ್ ತಂದರು, ಲ್ಯಾಬಿನವರು ಇನ್ನೊಂದು, ಸ್ಟಾಫ್‌ರೂಮಿಗೆ ಮತ್ತೊಂದು. ನಿಧಾನವಾಯಿತು ಎಂದಾಗಲೆಲ್ಲ ಇನ್ನೂ ದೊಡ್ಡ ರೂಟರ್, ಇನ್ನೆರಡು ಆಂಟೆನಾ. ಕೊನೆಗೆ ಇದನ್ನೆಲ್ಲ ಸರಿಮಾಡಲು ಬಂದ ಹುಡುಗ, "ಮೇಡಂ, ಈ 2.4 ಅನ್ನೋದು ಹಳೇ ಬ್ಯಾಂಡು, ಬರೀ ಗಲಾಟೆ. ಅದನ್ನ ಆಫ್ ಮಾಡಿ 5ಕ್ಕೆ ಹೋಗಿಬಿಡೋಣ" ಎಂದ. ಆಡಳಿತದವರು ತಲೆಯಾಡಿಸಿದರು. ಆಫೀಸಿನ ಹೊಸ ಕಂಪ್ಯೂಟರುಗಳು ಓಡತೊಡಗಿದವು. ಎಲ್ಲರಿಗೂ ಸಂತೋಷ.

ಮಾರನೆಯ ದಿನ ಹಾಸ್ಟೆಲಿನ ಹುಡುಗಿಯೊಬ್ಬಳು ತನ್ನ ಅಣ್ಣ ಬಿಟ್ಟ ಹಳೆಯ ಫೋನು ಹಿಡಿದುಕೊಂಡು ಬಂದಳು. "ಮಿಸ್, ಸ್ಕಾಲರ್‌ಶಿಪ್ ಅರ್ಜಿ ಹಾಕ್ಬೇಕಿತ್ತು. ಎಲ್ರ ಫೋನಲ್ಲೂ ವೈಫೈ ಹೆಸ್ರು ಬತ್ತದೆ, ನಂದ್ರಲ್ಲಿ ಕಾಣೋದೇ ಇಲ್ಲ" ಎಂದಳು. ಕಾಣುವುದಾದರೂ ಹೇಗೆ? ಆ ಫೋನಿಗೆ 5 ಗಿಗಾಹರ್ಟ್ಸ್ ಗೊತ್ತೇ ಇಲ್ಲ. ಅವಳಂಥವರು ಒಬ್ಬಿಬ್ಬರಲ್ಲ. ಕಡಿಮೆ ಬೆಲೆಯ, ಕೈಬದಲಾದ ಫೋನುಳ್ಳ ಮಕ್ಕಳೆಲ್ಲ ಒಂದೇ ರಾತ್ರಿಯಲ್ಲಿ ನಾಲೆಯ ಕೊನೆಭಾಗದವರಾಗಿದ್ದರು.

ನಾನು ಬಿ.ಎ., ಬಿ.ಎಡ್. ಓದಿ ಸಮಾಜ ವಿಜ್ಞಾನ ಹೇಳುವವಳು, ಎಂಜಿನಿಯರಲ್ಲ. ಆದರೆ ಕೇಳಿ ತಿಳಿದುಕೊಂಡಾಗ ಇದರಲ್ಲಿ ಬ್ರಹ್ಮವಿದ್ಯೆ ಏನೂ ಕಾಣಲಿಲ್ಲ. ನಮ್ಮ ದೇಶದಲ್ಲಿ 2.4 ಗಿಗಾಹರ್ಟ್ಸ್ ಪಟ್ಟಿಯ ಅಗಲ 83.5 ಮೆಗಾಹರ್ಟ್ಸ್. ಅದರೊಳಗೆ 13 ಚಾನೆಲ್‌ಗಳೆಂದು ಗೆರೆ ಎಳೆದಿದ್ದಾರೆ. ಚಾನೆಲ್‌ಗೂ ಚಾನೆಲ್‌ಗೂ ಅಂತರ 5 ಮೆಗಾಹರ್ಟ್ಸ್, ಆದರೆ ಒಂದೊಂದು ವೈಫೈ ಆಕ್ರಮಿಸುವುದು ಸುಮಾರು 20. ಹೀಗಾಗಿ ಒಂದರ ಮೇಲೊಂದು ಬೀಳದೆ ಇರುವವು 1, 6, 11 ಈ ಮೂರೇ. ಒಂದೇ ಚಾನೆಲ್ಲಿನಲ್ಲಿರುವ ಸಾಧನಗಳು ಒಬ್ಬರ ಮಾತು ಮುಗಿಯುವವರೆಗೆ ಇನ್ನೊಬ್ಬರು ಕಾಯುತ್ತವೆ. 6ರ ಪಕ್ಕದಲ್ಲಿ ಯಾರೋ 4ರಲ್ಲಿ ಕೂತರೆ ಕಾಯುವ ಶಿಸ್ತೂ ಹೋಗಿ ಇಬ್ಬರ ಮಾತೂ ಕೆಡುತ್ತದೆ. ನಮ್ಮ ಆವರಣದಲ್ಲಿ ಆದದ್ದು ಇದೇ. ಗಲಾಟೆ ಬ್ಯಾಂಡಿನದಲ್ಲ, ಯಜಮಾನನಿಲ್ಲದ ಮನೆಯದು.

ಈ ಕಾಯುವ ಪದ್ಧತಿಯ ಬೇರು ಕೂಡ ಒಂದು ವಿಶ್ವವಿದ್ಯಾಲಯದಲ್ಲಿದೆ. ಹವಾಯಿ ದ್ವೀಪಗಳಲ್ಲಿ ನಾರ್ಮನ್ ಅಬ್ರಾಮ್ಸನ್ ಮತ್ತು ಸಂಗಡಿಗರು 1971ರಲ್ಲಿ ಅಲೋಹಾ ಎಂಬ ರೇಡಿಯೊ ಜಾಲ ಕಟ್ಟಿದರು. ದೂರದೂರದ ಕಂಪ್ಯೂಟರುಗಳು ಒಂದೇ ತರಂಗವನ್ನು ಹಂಚಿಕೊಂಡವು. ಎರಡು ಸಂದೇಶ ಡಿಕ್ಕಿಯಾದರೆ ಇಬ್ಬರೂ ಸ್ವಲ್ಪ ತಡೆದು ಮತ್ತೆ ಕಳಿಸಬೇಕು ಎಂಬುದು ಅಲ್ಲಿನ ನಿಯಮ. ಹೊಸ ಫೋನಿಗೊಂದು ನ್ಯಾಯ, ಹಳೆಯ ಫೋನಿಗೊಂದು ನ್ಯಾಯ ಎಂಬುದು ಅದರಲ್ಲಿರಲಿಲ್ಲ.

ನಮ್ಮ ಸುಪ್ರೀಂ ಕೋರ್ಟು 1995ರ ಫೆಬ್ರವರಿಯಲ್ಲಿ, ಬಂಗಾಳದ ಕ್ರಿಕೆಟ್ ಸಂಸ್ಥೆಯ ಮೊಕದ್ದಮೆಯಲ್ಲಿ, ವಾಯುತರಂಗಗಳು ಸಾರ್ವಜನಿಕ ಸ್ವತ್ತು ಎಂದು ಹೇಳಿತು. ಆಮೇಲೆ ಸರ್ಕಾರ 2005ರಲ್ಲಿ 2.4ರ ಪಟ್ಟಿಯನ್ನು ಲೈಸೆನ್ಸ್ ಇಲ್ಲದೆ ಬಳಸಲು ಬಿಟ್ಟಿತು. 2018ರ ಅಕ್ಟೋಬರಿನಲ್ಲಿ 5ರ ಪಟ್ಟಿಯಲ್ಲಿ 605 ಮೆಗಾಹರ್ಟ್ಸ್ ಬಿಟ್ಟುಕೊಟ್ಟಿತು. ಲೈಸೆನ್ಸ್ ಬೇಡ ಎಂದರೆ ಯಾರು ಬೇಕಾದರೂ ಬಳಸಬಹುದು ಎಂದರ್ಥ. ನಮ್ಮವರು ಅದನ್ನು, ಗಟ್ಟಿ ದನಿಯವರು ಬಳಸಬಹುದು ಎಂದು ಓದಿಕೊಂಡಿದ್ದಾರೆ.

ಆ ಹುಡುಗನ ಮಾತಿನಲ್ಲಿ ಸತ್ಯವಿಲ್ಲವೆಂದು ನಾನು ಹೇಳುವುದಿಲ್ಲ. 5ರ ಪಟ್ಟಿ ಏಳು ಪಟ್ಟು ಅಗಲವಾಗಿದೆ. ಹಳೆಯ ಫೋನು ಅದೇ ಮಾತನ್ನು ಹೇಳಲು ಹೆಚ್ಚು ಹೊತ್ತು ತೆಗೆದುಕೊಳ್ಳುತ್ತದೆ, ಅದೇ ಚಾನೆಲ್ಲಿನ ಉಳಿದವರು ಕಾಯಬೇಕಾಗುತ್ತದೆ. ಸರಿ. ಹಾಗಾದರೆ ಹೊಸ ಸಾಧನಗಳನ್ನು 5ಕ್ಕೆ ಕಳಿಸಿ. ಅಲ್ಲಿಗೆ ಹೋದವರನ್ನು 2.4ರಲ್ಲಿ ಉಳಿದ ಹಳೆಯ ಫೋನು ಹೇಗೆ ತಡೆಯುತ್ತದೆ? ಮೇಲೆ ಹೊಸ ನಾಲೆ ತೋಡಿದ್ದೇವೆಂದು ಕೆಳಗಿನ ಹಳೆ ನಾಲೆಗೆ ಮಣ್ಣು ತುಂಬುವವರುಂಟೇ? 5ರ ತರಂಗ ದಪ್ಪ ಗೋಡೆ ದಾಟುವುದರಲ್ಲಿ 2.4ಕ್ಕಿಂತ ಸೋಲುತ್ತದೆ. ಹಾಸ್ಟೆಲಿನ ಮೂಲೆ ಕೋಣೆಗೆ ಅದು ಮುಟ್ಟುವುದು ಅಷ್ಟರಲ್ಲೇ ಇದೆ.

ಹಾಗಾದರೆ ಮಾಡಬೇಕಾದದ್ದೇನು? ಮೇಜು ಬಿಟ್ಟು ಕದಲದ ಲ್ಯಾಬಿನ, ಆಫೀಸಿನ ಕಂಪ್ಯೂಟರುಗಳಿಗೆ ತಂತಿ ಎಳೆಯಿರಿ. ಕೂತಲ್ಲೇ ಕೂತಿರುವವರಿಗೆ ಗಾಳಿಯ ಪಾಲು ಏಕೆ? 2.4ರಲ್ಲಿ ಅಕ್ಕಪಕ್ಕದ ರೂಟರುಗಳಿಗೆ 1, 6, 11 ಎಂದು ಹಂಚಿ. ದನಿ ತಗ್ಗಿಸಿ, ಪಕ್ಕದ ಕಟ್ಟಡಕ್ಕೆ ಕೇಳುವಷ್ಟು ಕೂಗುವ ಅಗತ್ಯವಿಲ್ಲ. ಪ್ರಿನ್ಸಿಪಾಲರಿಗೊಂದು, ಆಫೀಸಿಗೊಂದು, ಅತಿಥಿಗಳಿಗೊಂದು ಎಂದು ಹೆಸರುಗಳನ್ನು ಹೆಚ್ಚಿಸಬೇಡಿ. ಒಂದೊಂದು ಹೆಸರೂ, ಯಾರೂ ಬಳಸದಿದ್ದರೂ, ಸೆಕೆಂಡಿಗೆ ಸುಮಾರು 10 ಸಲ ತನ್ನನ್ನು ತಾನೇ ಕೂಗಿಕೊಳ್ಳುತ್ತಿರುತ್ತದೆ. ಇದನ್ನೆಲ್ಲ ನೋಡಿಕೊಳ್ಳಲು ಒಬ್ಬರನ್ನು ನೇಮಿಸಿ. ಅವರ ಒಪ್ಪಿಗೆ ಇಲ್ಲದೆ ಯಾವ ವಿಭಾಗವೂ ಹೊಸ ರೂಟರ್ ತರಕೂಡದು. ತಂತಿಯ ಖರ್ಚು ಬಿಟ್ಟರೆ ಉಳಿದದ್ದಕ್ಕೆ ಬೇಕಾದದ್ದು ಒಂದು ಮಧ್ಯಾಹ್ನದ ಕೆಲಸ.

ಇಷ್ಟನ್ನು ಬರೆದು ಆಡಳಿತದವರಿಗೆ ಕೊಟ್ಟೆ. "ಮೇಡಂ, ಒಂದಿಬ್ಬರು ಮಕ್ಕಳಿಗಾಗಿ ಇಷ್ಟೆಲ್ಲ ಏಕೆ? ಹೊಸ ಫೋನು ತೆಗೆದುಕೊಳ್ಳಲಿ" ಎಂಬ ಉತ್ತರ ಬಂತು. ಕಬ್ಬಿನ ಗದ್ದೆಯಲ್ಲಿ ಕೂಲಿ ಮಾಡುವ ತಾಯಿಗೆ ಈ ಮಾತು ಹೇಳಿ ನೋಡಿ ಎಂದೆ. ಅವರು ಸುಮ್ಮನಾದರು, ನಾನು ಆಗಲಿಲ್ಲ. ಆ ಹುಡುಗಿಯ ಅರ್ಜಿಯನ್ನು ಆ ದಿನ ನನ್ನ ಫೋನಿನಲ್ಲಿ ಹಾಕಿಸಿದೆ. ಆದರೆ ಸಾರ್ವಜನಿಕ ಸ್ವತ್ತಿನಲ್ಲಿ ತನ್ನ ಪಾಲು ಪಡೆಯಲು ಒಂದು ಮಗು ಮೇಷ್ಟ್ರಮ್ಮನ ದಯೆಗೆ ಕಾಯಬೇಕೆ? ನಿವೃತ್ತಿಗೆ ಇನ್ನೂ ಕೆಲವು ವರ್ಷಗಳಿವೆ. 2.4 ಮತ್ತೆ ಆನ್ ಆಗುವವರೆಗೆ, ಪ್ರತಿ ಸ್ಟಾಫ್ ಮೀಟಿಂಗಿನಲ್ಲೂ ನಾನು ಈ ಅರ್ಜಿಯನ್ನೇ ಓದುವವಳು.